ನನ್ನ ಪಾಲು ಹೆಚ್ಚಿಸಬೇಡಿ ಸ್ವಾಮಿ!

ಚಾರ್ಮಾಡಿ ಘಾಟಿ ಇಳಿದು ಬಂದ ಹಳೆಯ ಸಣ್ಣ ಕಾರೊಂದು ಉಜಿರೆಯ ಗ್ಯಾರೇಜಿನಲ್ಲಿ ಜಾಕಿ ಮೇಲೆ ನಿಂತಿತ್ತು. ಎಡಗಡೆ ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಮೆಕ್ಯಾನಿಕ್ ಊಟಕ್ಕೆ ಹೋದ ಹೊತ್ತು ನೋಡಿ ಮಾತಿಗೆಳೆದೆವು. ಮುಂದಿನ ಡಿಸ್ಕುಗಳ ಅಭಿಪ್ರಾಯ ಕೇಳಲಾಗಲಿಲ್ಲ. ಅವು ಇನ್ನೂ ಮುಟ್ಟುವಂತಿರಲಿಲ್ಲ.

ನಾವು: ಒಂದೇ ಪೆಡಲ್, ಒಂದೇ ಬ್ರೇಕ್ ಆಯಿಲ್. ಆದರೂ ಕೆಲಸದ ಮುಕ್ಕಾಲು ಪಾಲು ಮುಂದಿನವರಿಗೆ. ಇದು ಅನ್ಯಾಯವಲ್ಲವೇ?

ಡ್ರಮ್: ಶುರುವಾಯಿತು! ಪತ್ರಿಕೆಯವರು ಯಾರನ್ನು ಕಂಡರೂ ಅನುದಾನ ತಾರತಮ್ಯದ ಹೇಳಿಕೆ ಕೊಡಿಸಿಯೇ ತೀರುತ್ತೀರಿ. ಕೇಳಿ. 900 ಕೆ.ಜಿ. ಕಾರು ಅಂತಿಟ್ಟುಕೊಳ್ಳಿ. ನಿಂತಿರುವಾಗ ಮುಂದೆ 540, ನನ್ನ ಕಡೆ 360. ಎಂಜಿನ್ ಕೂತಿರುವುದು ಅಲ್ಲೇ ತಾನೆ? ದನ ಅಡ್ಡ ಬಂತು, ನೀವು ಪೆಡಲ್ ಮೇಲೆ ನಿಂತೇಬಿಟ್ಟಿರಿ. ಕಾರಿನ ಮೂತಿ ತಗ್ಗುತ್ತದೆ, ಬಾಲ ಏಳುತ್ತದೆ. ನನ್ನ ಕಡೆಯಿಂದ 165 ಕೆ.ಜಿ. ಭಾರ ಮುಂದಕ್ಕೆ ವರ್ಗ. ನನಗೆ ಉಳಿದದ್ದು 195. ಭಾರವೇ ಇಲ್ಲದ ಟೈರಿಗೆ ರಸ್ತೆಯ ಹಿಡಿತ ಎಲ್ಲಿಂದ ಬರಬೇಕು?

ನಾವು: ಈ 165 ಎಲ್ಲಿಂದ ತಂದಿರಿ?

ಡ್ರಮ್: ಕಾರಿನ ತೂಕ, ನಿಲ್ಲುವ ರಭಸ, ಭಾರಕೇಂದ್ರದ ಎತ್ತರ ಮೂರನ್ನೂ ಗುಣಿಸಿ, ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಇರುವ ಅಂತರದಿಂದ ಭಾಗಿಸಿ. 900 ಕೆ.ಜಿ., ಗುರುತ್ವದ 0.8 ಪಾಲು, 0.55 ಮೀಟರ್, 2.4 ಮೀಟರ್. ಕೈಯಲ್ಲಿ ಮೊಬೈಲ್ ಇದೆಯಲ್ಲ, ಒತ್ತಿ ನೋಡಿ. ಮೆಲ್ಲಗೆ, 0.2ರ ರಭಸದಲ್ಲಿ ನಿಲ್ಲಿಸಿದರೆ ವರ್ಗವಾಗುವುದು ಬರೀ 41 ಕೆ.ಜಿ. ಆಗ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ನಾನು ದುಡಿಯಬಲ್ಲೆ. ಗಟ್ಟಿಯಾಗಿ ತುಳಿದಾಗ ಹೆಚ್ಚುಕಮ್ಮಿ ಐದರಲ್ಲೊಂದು. ನನ್ನ ಪಾಲೇನು ಶಿಲಾಶಾಸನವಲ್ಲ, ನಿಮ್ಮ ಬಲಗಾಲಿನ ಕೃಪೆ.

ನಾವು: ಆದರೂ ಹಟ ಹಿಡಿದು ಸಮಪಾಲು ಕೇಳಿದರೆ?

ಡ್ರಮ್: ಗಟ್ಟಿ ಬ್ರೇಕಿನಲ್ಲಿ ಮುಂದಿನವರಿಗಿಂತ ಮೊದಲು ನಾನು ಲಾಕ್ ಆಗುತ್ತೇನೆ. ಲಾಕ್ ಆದ ಚಕ್ರ ಅಡ್ಡಕ್ಕೆ ಜಾರುವುದನ್ನು ತಡೆಯಲಾರದು. ಕಾರಿನ ಹಿಂಭಾಗ ಮುಂಭಾಗವನ್ನೇ ಓವರ್‌ಟೇಕ್ ಮಾಡಲು ಹೊರಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೀವು ಬಂದ ದಾರಿಯನ್ನೇ ನೋಡುತ್ತ ಕೂತಿರುತ್ತೀರಿ. ಮುಂದಿನವು ಮೊದಲು ಲಾಕ್ ಆದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಕಾರು ನೆಟ್ಟಗೆ ನುಗ್ಗುತ್ತದೆ. ಅದೂ ಕೆಟ್ಟದ್ದೇ. ಆದರೆ ಕಾಲು ಸಡಿಲಿಸಿದರೆ ಸ್ಟೀರಿಂಗ್ ಮತ್ತೆ ಕೈಗೆ ಬರುತ್ತದೆ. ಎರಡು ಕೆಟ್ಟದ್ದರಲ್ಲಿ ಕಡಿಮೆ ಕೆಟ್ಟದ್ದನ್ನು ಆರಿಸುವುದು ನಿಮಗೇನು ಹೊಸದೇ? ಐದು ವರ್ಷಕ್ಕೊಮ್ಮೆ ಮಾಡುತ್ತೀರಿ.

ನಾವು: ನಿಮ್ಮ ಪಾಲನ್ನು ತಡೆಹಿಡಿಯುವವರು ಯಾರು?

ಡ್ರಮ್: ಪ್ರಪೋರ್ಷನಿಂಗ್ ವಾಲ್ವ್. ನಮ್ಮ ಹಣಕಾಸು ಇಲಾಖೆ. ಒಂದು ಮಟ್ಟದವರೆಗೆ ಮುಂದಿನವರಿಗೆ ಎಷ್ಟು ಒತ್ತಡವೋ ನನಗೂ ಅಷ್ಟೇ. ಅದನ್ನು ದಾಟಿತೋ, ನೀವೆಷ್ಟೇ ತುಳಿಯಿರಿ, ಹೆಚ್ಚುವರಿಯಲ್ಲಿ ಒಂದಂಶ ಮಾತ್ರ ಬಿಡುಗಡೆ. ಒಳಗಿರುವುದು ಒಂದು ಪಿಸ್ಟನ್, ಒಂದು ಸ್ಪ್ರಿಂಗ್. ಪ್ರಾಮಾಣಿಕ, ಆದರೆ ಕಣ್ಣಿಲ್ಲ. ಇವತ್ತು ಹಿಂದಿನ ಸೀಟಿನಲ್ಲಿ ಮೂವರು ದಢೂತಿ ಭಾವಂದಿರು, ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು, ಒಂದು ಮೂಟೆ ತೆಂಗಿನಕಾಯಿ. ನನ್ನ ಟೈರಿಗೆ ಹಿಡಿತ ಧಾರಾಳ. ಜಾಸ್ತಿ ಕೊಟ್ಟಿದ್ದರೆ ಜಾಸ್ತಿ ದುಡಿಯುತ್ತಿದ್ದೆ. ಇಲಾಖೆಗೆ ಗೊತ್ತೇ ಆಗಲಿಲ್ಲ. ಸರಕು ಸಾಗಿಸುವ ಪಿಕಪ್‌ಗಳಲ್ಲಿ ಇದಕ್ಕೆಂದೇ ಬೇರೆ ವಾಲ್ವ್ ಇರುತ್ತದೆ. ಹಿಂದಿನ ಆಕ್ಸಲ್‌ಗೂ ಅದಕ್ಕೂ ನಡುವೆ ಒಂದು ಸ್ಪ್ರಿಂಗ್ ಕೊಂಡಿ. ಲೋಡ್ ಬಿದ್ದು ಬಾಡಿ ತಗ್ಗಿದಷ್ಟೂ ಹಿಂದಕ್ಕೆ ಒತ್ತಡ ಹೆಚ್ಚು. ಆ ಕೊಂಡಿ ತುಂಡಾದರೆ ಕಬ್ಬಿಣದ ತಂತಿ ಸುತ್ತಿ ಕಳಿಸುವ ಮಹಾನುಭಾವರೂ ಇದ್ದಾರೆ.

ನಾವು: ಹೊಸ ಕಾರುಗಳಲ್ಲಿ?

ಡ್ರಮ್: ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ 2019ರಿಂದ ಕಡ್ಡಾಯವಾಯಿತಲ್ಲ, ಅದರ ಜೊತೆಗೇ ಇಬಿಡಿ ಎಂಬ ಕಂಪ್ಯೂಟರ್ ಬುದ್ಧಿ. ನಾಲ್ಕೂ ಚಕ್ರದ ವೇಗ ನೋಡುತ್ತದೆ. ಹಿಂದಿನದು ಮುಂದಿನದಕ್ಕಿಂತ ಬೇಗ ಕುಂಟುತ್ತಿದೆ ಎಂದರೆ ಅಷ್ಟಕ್ಕೇ ಒತ್ತಡ ತಡೆಯುತ್ತದೆ. ಹಲಸಿನಹಣ್ಣು ಕಾಣದಿದ್ದರೂ ಅದರ ಲೆಕ್ಕ ಸಿಕ್ಕಿಬಿಡುತ್ತದೆ.

ನಾವು: ನಿಮ್ಮದೂ ಒಂದು ಕಾಲವಿತ್ತಂತೆ?

ಡ್ರಮ್: ಇತ್ತು ಸ್ವಾಮಿ! 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮುಂದಿನ ಚಕ್ರಕ್ಕೆ ಬ್ರೇಕೇ ಇರಲಿಲ್ಲ. 1920ರ ದಶಕದ ಬ್ರಿಟನ್ನಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಇದ್ದ ಕಾರುಗಳು ಬೆನ್ನಿಗೆ ಕೆಂಪು ತ್ರಿಕೋನ ಹಾಕಿಕೊಂಡು ಓಡಾಡಿದವು. ‘ನಾನು ಗಕ್ಕನೆ ನಿಂತೇನು, ಹಿಂದಿನವರು ಹುಷಾರು’ ಅಂತ. ಈಗ? ‘ಅಯ್ಯೋ, ಹಿಂದೆ ಡ್ರಮ್ಮಾ?’ ಎಂದು ಶೋರೂಮಿನಲ್ಲೇ ಮೂಗು ಮುರಿಯುತ್ತಾರೆ. ಈ ಯಜಮಾನರು ನನ್ನ ಮೇಲೆ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಥರದ ಕೆಂಪು ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದರು. ಇವತ್ತು ಘಾಟಿಯಲ್ಲಿ ಅದರ ಅಂಟು ಬಿಟ್ಟು ಚರಂಡಿ ಸೇರಿತು. ನನಗೇನೂ ಬೇಜಾರಿಲ್ಲ.

ನಾವು: ಘಾಟಿಯಲ್ಲಿ ಆದದ್ದೇನು?

ಡ್ರಮ್: ಪೆಟ್ರೋಲ್ ಉಳಿತಾಯ! ಕೊಟ್ಟಿಗೆಹಾರ ದಾಟಿದ್ದೇ ನ್ಯೂಟ್ರಲ್. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಕುಡಿಯುತ್ತಲೇ ಇರುತ್ತದೆ. ಎರಡನೇ ಗೇರ್‌ನಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತಿತ್ತು. ಇವರು ತಿರುವಿನುದ್ದಕ್ಕೂ ಬ್ರೇಕ್ ಮೇಲಿಂದ ಕಾಲೇ ತೆಗೆಯಲಿಲ್ಲ. ಬಿಸಿಗೆ ನಾನು ಹಿಗ್ಗಿ ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿದೆ, ಪೆಡಲ್ ಕೆಳಕ್ಕೆ ಹೋಯಿತು, ಲೈನರ್ ಸುಟ್ಟ ವಾಸನೆ ಬಂತು. ‘ಹಿಂದಿನ ಬ್ರೇಕ್ ಹಿಡಿಯೋದೇ ಇಲ್ಲ ಮಾರಾಯ್ರೆ’ ಅಂತ ನನ್ನನ್ನೇ ಬಿಚ್ಚಿಸಿದರು.

ನಾವು: ನಿಮಗೇ ಮೀಸಲಾದ ಕೆಲಸ ಯಾವುದೂ ಇಲ್ಲವೇ?

ಡ್ರಮ್: ಯಾಕಿಲ್ಲ? ಹ್ಯಾಂಡ್ ಬ್ರೇಕ್. ನಮ್ಮಂಥ ಕಾರುಗಳಲ್ಲಿ ಅದರ ಕೇಬಲ್ ಎಳೆಯುವುದು ನನ್ನ ಶೂಗಳನ್ನೇ. ಮುಂದಿನವರಿಗೆ ಅದರಲ್ಲಿ ಕವಡೆ ಪಾಲೂ ಇಲ್ಲ. ಆ ಕೇಬಲ್ ಸಡಿಲವಾಗಿ ವರ್ಷಗಳೇ ಆದವು. ಬಿಗಿ ಮಾಡಿಸಿ ಎಂದರೆ ಯಜಮಾನರು ಡಿಕ್ಕಿಯಲ್ಲಿ ಒಂದು ಕಲ್ಲು ಇಟ್ಟುಕೊಂಡಿದ್ದಾರೆ. ಇಳಿಜಾರಿನಲ್ಲಿ ನಿಲ್ಲಿಸಿದಾಗ ನನ್ನ ಟೈರಿನ ಕೆಳಗೆ ಇಡಲು. ಅಗೋ, ಹಲಸಿನಹಣ್ಣಿನ ಪಕ್ಕದಲ್ಲಿದೆ ನೋಡಿ. ಸರ್ವೀಸಿಗೆ ಬಿಟ್ಟಾಗ ಅದನ್ನು ಮಾತ್ರ ಮರೆಯದೆ ಇಳಿಸಿಕೊಂಡು ಮನೆಗೆ ಒಯ್ಯುತ್ತಾರೆ, ಕಳೆದುಹೋದೀತು ಅಂತ.