ಇನ್ನೊಂದೇ ಹಾಡು

ರೆಗೇ ನಿರೂಪಕ ಎಂಬುವನು ಅಮೆರಿಕದ ಸಣ್ಣ ಊರುಗಳ ಸಮುದಾಯ ಬಾನುಲಿಯಲ್ಲಿ ವಾರಕ್ಕೊಂದು ಸಂಜೆ, ಸಾಮಾನ್ಯವಾಗಿ ಶನಿವಾರ, ಏಳರಿಂದ ಒಂಬತ್ತರವರೆಗೆ ಜಮೈಕಾದ ಸಂಗೀತ ಕೇಳಿಸುವ ಸ್ವಯಂಸೇವಕ. ಒಂಬತ್ತರವರೆಗೆ ಎಂಬುದು ಕಾಗದದ ಮೇಲಿನ ಮಾತು; ಆ ವಿಷಯ ಮುಂದೆ ಬರುತ್ತದೆ. ವಯಸ್ಸು ಐವತ್ತೈದರ ಆಚೀಚೆ. ಬಣ್ಣ ಬಿಳಿ. ಹುಟ್ಟಿ ಬೆಳೆದದ್ದು ಮೆಕ್ಕೆಜೋಳದ ಸೀಮೆಯಲ್ಲಿ. ಜಮೈಕಾ ಕಂಡದ್ದು ಮದುವೆಯಾದ ಹೊಸದರಲ್ಲಿ ಒಮ್ಮೆ, ಅದೂ ಹೋಟೆಲಿನ ಬೇಲಿಯೊಳಗಿಂದ. ಸೋಮವಾರದಿಂದ ಶುಕ್ರವಾರದವರೆಗೆ ವಿಮೆ ಕಂಪನಿಯಲ್ಲಿ ಕುಳಿತು ಜನರ ಕ್ಲೇಮುಗಳನ್ನು ತಿರಸ್ಕರಿಸುವ ಉದ್ಯೋಗ. ಜಡೆ ಬಿಡಬೇಕೆಂಬ ಆಸೆಗೆ ತಲೆಗೂದಲು ಸಹಕರಿಸದ ಕಾರಣ ಕೆಂಪು, ಹಳದಿ, ಹಸಿರು ಪಟ್ಟೆಯ ಉಣ್ಣೆ ಟೊಪ್ಪಿಗೆಯೊಂದನ್ನು ಬೇಸಿಗೆಯಲ್ಲೂ ಧರಿಸಿರುತ್ತಾನೆ.

ಇಂಥವನಿಗೆ ಇರಲು ಜಾಗ ಮಾಡಿಕೊಟ್ಟದ್ದು ಸರ್ಕಾರವೇ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ 2000ದಲ್ಲಿ ಲೋ ಪವರ್ ಎಫ್‌ಎಂ ಎಂಬ ವರ್ಗವನ್ನು ತೆರೆಯಿತು. ಗರಿಷ್ಠ ಶಕ್ತಿ 100 ವ್ಯಾಟ್. ಹರಡುವ ದೂರ ಸುಮಾರು ಐದೂವರೆ ಕಿಲೋಮೀಟರ್. ಲಾಭ ಮಾಡುವ ಹಾಗಿಲ್ಲ, ಜಾಹೀರಾತು ಹಾಕುವ ಹಾಗಿಲ್ಲ. ದೊಡ್ಡ ಕೇಂದ್ರಗಳು ತಮ್ಮ ಅಲೆಗೆ ಅಡ್ಡಿಯಾಗುತ್ತದೆಂದು ಗಲಾಟೆ ಎಬ್ಬಿಸಿದ್ದರಿಂದ ಹತ್ತು ವರ್ಷ ಕಟ್ಟುನಿಟ್ಟುಗಳಿದ್ದವು. 2011ರ ಜನವರಿಯಲ್ಲಿ ಸಹಿಯಾದ ಕಾನೂನು ಅವನ್ನು ಸಡಿಲಿಸಿತು. ಚರ್ಚಿನ ನೆಲಮಾಳಿಗೆ, ಹಳೆಯ ಅಂಚೆ ಕಚೇರಿ, ಯಾರದೋ ಗ್ಯಾರೇಜು, ಎಲ್ಲೆಂದರಲ್ಲಿ ಕೇಂದ್ರಗಳು ಎದ್ದವು. ಕೇಂದ್ರ ಎಂದರೆ ಎರಡು ಮೈಕು, ಎರಡು ಟರ್ನ್‌ಟೇಬಲ್, ಕಾಲು ಮುರಿದ ಒಂದು ಸೋಫಾ. ಅಂಥ ಕಡೆ ವಾರದ ಪಟ್ಟಿ ತುಂಬಿಸಲು ಕೂತವರಿಗೆ ಮೊದಲು ಸಿಗುವವನು ರೆಗೇಯವನು. ಕರೆಯುವುದೂ ಬೇಡ, ರೆಕಾರ್ಡಿನ ಪೆಟ್ಟಿಗೆ ಹೊತ್ತು ಬಾಗಿಲಲ್ಲೇ ನಿಂತಿರುತ್ತಾನೆ.

ಈ ಪರಂಪರೆಗೆ ಒಬ್ಬ ಮೂಲಪುರುಷನೂ ಇದ್ದಾನೆ. 1979ರಲ್ಲಿ ಲಾಸ್ ಏಂಜಲೀಸ್ ಕಡೆಯ ಕೆಸಿಆರ್‌ಡಬ್ಲ್ಯು ಕೇಂದ್ರದಲ್ಲಿ ರಾಜರ್ ಸ್ಟೆಫೆನ್ಸ್ ತಮ್ಮ ಗೆಳೆಯನ ಜೊತೆಗೂಡಿ ‘ರೆಗೇ ಬೀಟ್’ ಶುರುಮಾಡಿದರು. ಆ ವರ್ಷವೇ ಅವರ ಅತಿಥಿಯಾಗಿ ಬಾಬ್ ಮಾರ್ಲಿ ಬಂದ. ಆಮೇಲೆ ಬಂದ ಪ್ರತಿಯೊಬ್ಬ ನಿರೂಪಕನೂ ಸ್ಟುಡಿಯೋ ಬಾಗಿಲು ಕಿರುಗುಟ್ಟಿದಾಗಲೆಲ್ಲ ಕತ್ತೆತ್ತಿ ನೋಡುತ್ತಾನೆ. ಬರುವವನು ಮುಂದಿನ ಗಂಟೆಯ ಕಾರ್ಯಕ್ರಮದವನು.

ನಿರೂಪಕನ ಮೊದಲ ಲಕ್ಷಣ ಅವನ ದನಿ. ಮೈಕಿನ ಕೆಂಪು ದೀಪ ಹತ್ತುವವರೆಗೆ ವಿಮೆ ಕಂಪನಿಯವನ ದನಿ. ಹತ್ತಿದ ಕ್ಷಣದಿಂದ ಕಿಂಗ್‌ಸ್ಟನ್ನಿನ ಗಲ್ಲಿಯವನದು. ದೇವರು ‘ಜಾ’ ಆಗುತ್ತಾನೆ, ಕೇಳುಗರು ‘ಬ್ರೆಡ್ರೆನ್’ ಆಗುತ್ತಾರೆ, ಹವಾಮಾನ ವರದಿಯ ಹಿಮಪಾತ ಕೂಡ ಎರಡು ಉಯ್ಯಾಲೆ ಆಡಿ ಬೀಳುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಶ್ಲೀಲ ಪದ ಪ್ರಸಾರವಾಗಬಾರದೆಂದು ನಿಯಮ. ಆದರೆ ಜಮೈಕಾದ ಬೈಗುಳ ಕೇಂದ್ರದ ಮ್ಯಾನೇಜರಿಗೆ ಅರ್ಥವಾಗುವುದಿಲ್ಲ, ನಿರೂಪಕನಿಗೂ ಅರ್ಧವೇ. ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಜಮೈಕಾದ ಹೆಂಗಸೊಬ್ಬಳು ಫೋನು ಮಾಡಿ, ‘ಮಗಾ, ಈಗ ಹಾಕಿದೆಯಲ್ಲ, ಆ ಮಾತನ್ನು ನಮ್ಮಮ್ಮನ ಮುಂದೆ ಆಡಿದ್ದರೆ ಹಲ್ಲು ಉದುರುತ್ತಿತ್ತು’ ಎಂದ ಮೇಲೆಯೇ ವಿಷಯ ಹೊರಬಿತ್ತು. ಅವನ ಉಚ್ಚಾರಣೆಯ ಬಗ್ಗೆ ಆಕೆ ಏನೂ ಹೇಳಲಿಲ್ಲ. ನಕ್ಕಳು, ಅಷ್ಟೇ.

ಎರಡನೆಯದು ಪಾಂಡಿತ್ಯ. ಇದನ್ನು ಅಲ್ಲಗಳೆಯುವಂತಿಲ್ಲ. ಸ್ಕಾ ನಿಧಾನವಾಗಿ ರಾಕ್‌ಸ್ಟೆಡಿ ಆದದ್ದು, ಅದು 1968ರ ಹೊತ್ತಿಗೆ ರೆಗೇ ಆದದ್ದು, ಆ ವರ್ಷ ಟೂಟ್ಸ್ ಮತ್ತು ಮೇಟಲ್ಸ್ ತಂಡ ಹಾಡಿನ ಹೆಸರಿನಲ್ಲೇ ಆ ಪದವನ್ನಿಟ್ಟದ್ದು, ಎಲ್ಲ ನಾಲಗೆಯ ತುದಿಯಲ್ಲಿ. ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬಿ ಹಾಡಿನಿಂದ ಗಾಯಕನನ್ನು ಕಿತ್ತುಹಾಕಿ, ಡ್ರಮ್ಮು ಬೇಸುಗಳನ್ನಷ್ಟೇ ಉಳಿಸಿ, ಅವಕ್ಕೆ ಪ್ರತಿಧ್ವನಿ ಕಟ್ಟಿ ‘ಡಬ್’ ಎಂಬ ಹೊಸ ಕಲೆಯನ್ನೇ ನಿಲ್ಲಿಸಿದ್ದನ್ನು ಅವನು ಹೇಳುವಾಗ ಕಣ್ಣು ತೇವವಾಗುತ್ತದೆ. 1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಕ್ಯಾಸಿಯೋ ಎಂಟಿ–40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ತಾಳದ ಮೇಲೆ ನಿಂತಿದ್ದು, ಜಮೈಕಾದ ಸಂಗೀತ ಅಲ್ಲಿಂದ ಕಂಪ್ಯೂಟರಿನ ಕಡೆ ಹೊರಳಿದ್ದು, ಇದನ್ನೂ ಹೇಳುತ್ತಾನೆ. ಹೇಳಬೇಕಾದ್ದೇ; ಆದರೆ ಹಾಡಿನ ಮೊದಲೂ ಹೇಳಿ, ನಡುವೆಯೂ ಹೇಳಿ, ಮುಗಿದ ಮೇಲೆ ಹೇಳಿದ್ದೆನೋ ಇಲ್ಲವೋ ಎಂಬ ಅನುಮಾನದಿಂದ ಮತ್ತೆ ಹೇಳುತ್ತಾನೆ.

ಫೋನು ಬರುವುದು ಅಪರೂಪ. ಬಂದರೆ ಬಾಬ್ ಮಾರ್ಲಿಯನ್ನೇ ಕೇಳುತ್ತಾರೆ, ಅದರಲ್ಲೂ 1984ರ ‘ಲೆಜೆಂಡ್’ ಸಂಕಲನದಲ್ಲಿರುವುದನ್ನೇ. ಸತ್ತು ಮೂರು ವರ್ಷವಾದ ಮೇಲೆ ಬಂದ ಆ ಸಂಕಲನ ಅಮೆರಿಕದ ಪ್ರತಿ ಹಾಸ್ಟೆಲ್ ಕೋಣೆಯಲ್ಲೂ ಇದೆ ಎಂಬುದು ನಿರೂಪಕನ ಜೀವಮಾನದ ಸಂಕಟ. ಅವನ ಪೆಟ್ಟಿಗೆಯಲ್ಲಿ ಅದಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇರುವುದನ್ನು ನೋಡಿದವರಿದ್ದಾರೆ.

ಮಾರ್ಲಿಯ ಬದಲು ಅವನು ಕೇಳಿಸುವುದು ‘ರಿಡಿಮ್’ ಸರಣಿ. ಜಮೈಕಾದಲ್ಲಿ ಒಂದು ತಾಳ–ಬೇಸಿನ ಹಂದರ ಸಿದ್ಧವಾದರೆ ಅದರ ಮೇಲೆ ಹತ್ತಾರು ಗಾಯಕರು ತಮ್ಮ ತಮ್ಮ ಹಾಡು ಕಟ್ಟುತ್ತಾರೆ. 1967ರ ‘ರಿಯಲ್ ರಾಕ್’ ಇಂದಿಗೂ ಸವೆದಿಲ್ಲ. ಇಂಟರ್ನೆಟ್ಟಿನಲ್ಲೂ ಪ್ರಸಾರ ಮಾಡುವ ಕೇಂದ್ರಗಳಿಗೆ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಒಂದು ಕಟ್ಟಳೆ ಇದೆ: ಮೂರು ಗಂಟೆಯೊಳಗೆ ಒಂದೇ ಆಲ್ಬಮ್ಮಿನಿಂದ ಮೂರಕ್ಕಿಂತ, ಒಬ್ಬನೇ ಕಲಾವಿದನಿಂದ ನಾಲ್ಕಕ್ಕಿಂತ ಹೆಚ್ಚು ಹಾಡು ಕೇಳಿಸಬಾರದು. ಹಾಡುಗಾರರು ಬೇರೆ, ರೆಕಾರ್ಡು ಬೇರೆ, ಹಂದರ ಮಾತ್ರ ಒಂದೇ ಆದರೆ? ಕಾನೂನು ಮೌನ. ಆ ಮೌನದ ನೆರಳಲ್ಲಿ ಅವನು ಮುಕ್ಕಾಲು ಗಂಟೆ ಒಂದೇ ಹಾಡಿನಂತೆ ಕೇಳಿಸುವ ಹದಿನಾಲ್ಕು ಹಾಡುಗಳನ್ನು ಬೆನ್ನಿಗೆ ಬೆನ್ನು ಹಾಕುತ್ತಾನೆ. ಹೊರಗೆ ಸೋಫಾದಲ್ಲಿ ಕಾಯುವವನ ಪಾಡನ್ನು ಯಾವ ಕಟ್ಟಳೆಯೂ ಗಣಿಸಿಲ್ಲ.

ಕಾಯುವವನು, ಅಂದರೆ ಮುಂದಿನ ಗಂಟೆಯವನು, ಒಂಬತ್ತರಿಂದ ಹತ್ತು ಭಾರತೀಯ ಸಂಗೀತ ಕೇಳಿಸುವ ಕನ್ನಡದ ಎಂಜಿನಿಯರು. ಇದು ಹೇಗೆ ಇಷ್ಟು ಖಚಿತವಾಗಿ ಗೊತ್ತು ಎಂದು ಓದುಗರು ಕೇಳಬಾರದು. ಚಿಕ್ಕಂದಿನಲ್ಲಿ ತೊಡೆ ತಟ್ಟಿ ಆದಿತಾಳ ಕಲಿತ ಅವನಿಗೆ ರೆಗೇಯ ‘ಒನ್ ಡ್ರಾಪ್’ ಬಡಿತ ದೊಡ್ಡ ಗೊಂದಲ. ನಾಲ್ಕು ಎಣಿಕೆಯಲ್ಲಿ ಒಂದನೆಯದು ಖಾಲಿ. ಡ್ರಮ್ಮಿನ ಪೆಟ್ಟು ಬೀಳುವುದು ಮೂರನೆಯದರ ಮೇಲೆ. ಮಾರ್ಲಿಯ ತಂಡದ ಕಾರ್ಲ್‌ಟನ್ ಬ್ಯಾರೆಟ್ ಇದನ್ನು ಲೋಕಕ್ಕೆಲ್ಲ ಕಲಿಸಿದ. ಸಮಕ್ಕೆ ಸರಿಯಾಗಿ ಅಂಗೈ ತೊಡೆಗೆ ಬಿದ್ದರೆ ಅಲ್ಲಿ ಏನೂ ಇಲ್ಲ, ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ನಾಲ್ಕೈದು ವಾರ ಕಳೆದ ಮೇಲೆ ಕೈ ತಾನಾಗಿ ಮೂರನೆಯದಕ್ಕೆ ಬೀಳತೊಡಗಿತು. ಇದನ್ನು ಅವನು ಯಾರಿಗೂ ಹೇಳಿಲ್ಲ.

ಗಾಂಜಾ 1845ರಿಂದಾಚೆ ಭಾರತದ ಕೂಲಿಯಾಳುಗಳ ಜೊತೆ ಜಮೈಕಾ ಸೇರಿತು ಎನ್ನುತ್ತಾರೆ ಇತಿಹಾಸಕಾರರು. ಇದನ್ನು ಓದಿದಂದಿನಿಂದ ನಿರೂಪಕ ಈ ಎಂಜಿನಿಯರನ್ನು ಗುರುಸ್ಥಾನದಲ್ಲಿಟ್ಟು ಮಾತಾಡಿಸುತ್ತಾನೆ. ಬೀಡಿಯನ್ನೂ ಮುಟ್ಟದ ದಾವಣಗೆರೆಯ ಪ್ರಾಣಿ, ಸುಮ್ಮನೆ ತಲೆಯಾಡಿಸುತ್ತದೆ.

ಇನ್ನು ಮುಖ್ಯ ವಿಷಯ. ಜಮೈಕಾದಲ್ಲಿ 1950ರ ದಶಕದಿಂದಲೂ ಬೀದಿಯಲ್ಲಿ ದೊಡ್ಡ ಸ್ಪೀಕರುಗಳನ್ನು ಪೇರಿಸಿ ಕುಣಿಯುವ ‘ಸೌಂಡ್ ಸಿಸ್ಟಮ್’ ಪದ್ಧತಿ ಇದೆ. ಹಾಡು ಮೆಚ್ಚುಗೆಯಾದರೆ ಜನ ಕೂಗುತ್ತಾರೆ, ಗೋಡೆ ಬಡಿಯುತ್ತಾರೆ. ರೆಕಾರ್ಡು ಹಾಕುವ ‘ಸೆಲೆಕ್ಟರ್’ ಅದನ್ನು ಅಲ್ಲೇ ನಿಲ್ಲಿಸಿ ಮೊದಲಿಂದ ಹಾಕುತ್ತಾನೆ. ಇದಕ್ಕೆ ‘ಪುಲ್ ಅಪ್’ ಎನ್ನುತ್ತಾರೆ. ಸ್ಟುಡಿಯೋದಲ್ಲಿ ಜನವಿಲ್ಲ. ಹಾಗಾಗಿ ಕೂಗುವವನೂ ನಿರೂಪಕನೇ, ಕೂಗಿಗೆ ಓಗೊಡುವವನೂ ಅವನೇ. ಎಂಟು ಐವತ್ತಮೂರಕ್ಕೆ ಹನ್ನೆರಡು ಇಂಚಿನ ರೆಕಾರ್ಡು ಹೊರಬರುತ್ತದೆ. ಏಳು ನಿಮಿಷದ್ದು, ಲೆಕ್ಕಕ್ಕೆ ಸರಿಯಾಗಿ ಒಂಬತ್ತಕ್ಕೆ ಮುಗಿಯಬೇಕು. ಗಾಜಿನಾಚೆ ಎಂಜಿನಿಯರು ಎದ್ದು ನಿಂತು ಸೀಡಿಗಳನ್ನು ಕಂಕುಳಲ್ಲಿ ಅವುಚಿಕೊಳ್ಳುತ್ತಾನೆ. ಐವತ್ತಾರಕ್ಕೆ ಬೇಸ್ ಗಿಟಾರು ಗುಡುಗುತ್ತದೆ, ನಿರೂಪಕನ ಕಣ್ಣು ಮುಚ್ಚುತ್ತವೆ, ಕೈ ಮೇಲೇಳುತ್ತದೆ. ಎಂಜಿನಿಯರಿಗೆ ಗೊತ್ತು. ಆ ಕೈ ಇಳಿದು ರೆಕಾರ್ಡಿನ ಅಂಚಿಗೆ ತಾಗಿ ಹಿಂದಕ್ಕೆ ಸರ್‍ರನೆ ಎಳೆಯುತ್ತದೆ. ಏಳು ನಿಮಿಷ ಮತ್ತೆ ಮೊದಲಿಂದ. ಗಾಜಿನೊಳಗಿಂದ ತೋರುಬೆರಳು ಮೇಲೇಳುತ್ತದೆ: ‘ಇನ್ನೊಂದೇ ಹಾಡು, ಬ್ರೆಡ್ರೆನ್.’ ಇನ್ನೊಂದಲ್ಲ, ಅದೇ ಹಾಡು.

ಗಂಟೆಗೊಮ್ಮೆ ಕೇಂದ್ರದ ಸಂಕೇತಾಕ್ಷರ ಮತ್ತು ಊರಿನ ಹೆಸರು ಹೇಳಬೇಕೆಂಬ ನಿಯಮವೂ ಅವನನ್ನು ತಡೆದಿಲ್ಲ. ಗಂಟೆಯ ಆಸುಪಾಸಿನ ಸಹಜ ವಿರಾಮದಲ್ಲಿ ಹೇಳಿದರೆ ಸಾಕು ಎಂದಿದೆ ಕಾನೂನು. ಒಳ್ಳೆಯ ಡಬ್‌ಗೆ ಸಹಜ ವಿರಾಮವೇ ಇರುವುದಿಲ್ಲ ಎಂಬುದು ಅವನ ವಾದ.

ಉಳಿದಂತೆ ಒಳ್ಳೆಯವನು. ಮೊಣಕಾಲು ಮಟ್ಟ ಹಿಮ ಬಿದ್ದ ರಾತ್ರಿಯೂ ಬರುತ್ತಾನೆ. ಚಂದಾ ಎತ್ತುವ ವಾರ ಎಲ್ಲರಿಗಿಂತ ಹೆಚ್ಚು ಹಣ ತರುತ್ತಾನೆ, ಇದು ಮುಂದಿನ ಗಂಟೆಯವನಿಗೆ ಇಂದಿಗೂ ಅರಗಿಲ್ಲ. ರೆಕಾರ್ಡುಗಳೆಲ್ಲ ಸ್ವಂತ ದುಡ್ಡಿನವು. ಜಮೈಕಾದಲ್ಲಿ ಒತ್ತಿದ ಏಳಿಂಚಿನವಕ್ಕೆ ನಡುವೆ ದೊಡ್ಡ ತೂತು. ಅದಕ್ಕೆ ಬೇಕಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಕೀ ಗೊಂಚಲಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಾನೆ. 2020ರ ಸೆಪ್ಟೆಂಬರಿನಲ್ಲಿ ಟೂಟ್ಸ್ ತೀರಿಕೊಂಡ. ಮರುವರ್ಷ ಯು–ರಾಯ್, ಬನ್ನಿ ವೈಲರ್, ಲೀ ಪೆರಿ, ರಾಬಿ ಶೇಕ್ಸ್‌ಪಿಯರ್ ಒಬ್ಬರ ಹಿಂದೊಬ್ಬರು ಹೋದರು. ಆ ದಿನಗಳಲ್ಲಿ ಅವನ ಕಾರ್ಯಕ್ರಮ ತಿಥಿಯ ಮನೆಯಂತಾಗಿತ್ತು. ಉಚ್ಚಾರಣೆಯನ್ನೂ ಮರೆತು, ವಿಮೆ ಕಂಪನಿಯವನ ದನಿಯಲ್ಲೇ ಹೆಸರು, ತಾರೀಖು, ಹುಟ್ಟಿದೂರು ಓದುತ್ತಿದ್ದ. ನರ್ಸ್ ಫೋನು ಮಾಡಿ, ಹೀಗೇ ಮಾತಾಡು, ಚೆನ್ನಾಗಿದೆ ಎಂದಳು. ಆ ರಾತ್ರಿಗಳಲ್ಲಿ ಒಂಬತ್ತು ದಾಟಿದರೂ ಗಾಜಿನಾಚೆ ಯಾರೂ ಗಡಿಯಾರ ತೋರಿಸಲಿಲ್ಲ.

ಕೊನೆಗೆ ಮ್ಯಾನೇಜರು ಇಬ್ಬರ ಹೊತ್ತನ್ನೂ ಅದಲುಬದಲು ಮಾಡಿದ. ಈಗ ಭಾರತೀಯ ಸಂಗೀತ ಏಳರಿಂದ ಎಂಟು, ರೆಗೇ ಎಂಟರಿಂದ ಹತ್ತು. ಎಂಜಿನಿಯರು ಮೊದಲ ವಾರವೇ ಎಂ. ಡಿ. ರಾಮನಾಥನ್ ಅವರನ್ನು ತಂದ. ಕರ್ನಾಟಕ ಸಂಗೀತದಲ್ಲಿ ಅವರಷ್ಟು ನಿಧಾನದ ಗಾಯಕರು ವಿರಳ. ಎಂಟಕ್ಕೆ ಇನ್ನೂ ಪಲ್ಲವಿಯಲ್ಲೇ ಇದ್ದರು. ಗಾಜಿನಾಚೆ ಪಟ್ಟೆ ಟೊಪ್ಪಿಗೆ ಓಡಾಡುತ್ತಿತ್ತು. ಒಳಗಿನಿಂದ ಒಂದು ತೋರುಬೆರಳು ಮೇಲೆದ್ದಿತು. ಎಂಟೂ ಹದಿನೈದಾಯಿತು.

ಮ್ಯಾನೇಜರು ಗಂಟೆಗೆ ಸರಿಯಾಗಿ ಎಲ್ಲವನ್ನೂ ಕತ್ತರಿಸಿ ಕೇಂದ್ರದ ಹೆಸರು ನುಡಿಯುವ ಕಂಪ್ಯೂಟರೊಂದನ್ನು ತಂದಿಟ್ಟ. ಅದು ಮುಂದಿನ ಶನಿವಾರ ರಾಮನಾಥನ್ ಅವರನ್ನು ಅಕ್ಷರದ ನಡುವೆ ಕಡಿಯಿತು. ಹತ್ತಕ್ಕೆ ಕಿಂಗ್ ಟಬಿಯನ್ನೂ ಬಿಡಲಿಲ್ಲ. ಆ ರಾತ್ರಿಯೇ ಇಬ್ಬರೂ ಕಾಲು ಮುರಿದ ಸೋಫಾದಲ್ಲಿ ಕೂತು ಆಡಳಿತ ಸಮಿತಿಗೆ ಜಂಟಿ ದೂರು ಬರೆದರು. ದೂರು ಒಂದು ಪುಟ ಮೀರಬಾರದೆಂದು ನಿಯಮವಿದೆ. ಇವರದು ನಾಲ್ಕಾಯಿತು.