ಎಕ್ಸೆಸ್ ರಾಯರು

ವಿಮಾನ ನಿಲ್ದಾಣಗಳಲ್ಲಿ ಬಾಡಿಗೆ ಕಾರಿನ ಕೌಂಟರ್ ಹಿಂದೆ ನಿಂತಿರುವ ಹುಡುಗರಿಗೆ ಗಿರಾಕಿಗಳನ್ನು ಹೆದರಿಸುವುದೇ ಅರ್ಧ ಕೆಲಸ. ಎಕ್ಸೆಸ್ ರಾಯರು ಎದುರು ಬಂದರೆ ಮಾತ್ರ ಹೆದರುವ ಸರದಿ ಆ ಹುಡುಗರದು.

ಇಂಗ್ಲೆಂಡಿನಲ್ಲಿ ನಾಲ್ಕು ಕನ್ನಡದ ಮನೆಗಳಿರುವ ಯಾವ ಊರಿಗೆ ಹೋದರೂ ಒಬ್ಬ ಎಕ್ಸೆಸ್ ರಾಯರು ಸಿಕ್ಕೇ ಸಿಗುತ್ತಾರೆ. ಸಾಫ್ಟ್‌ವೇರ್ ಕೆಲಸ, ಮನೆ ಮುಂದೆ ಹಳೇ ಟೊಯೊಟಾ, ಲ್ಯಾಪ್‌ಟಾಪಿನಲ್ಲಿ ‘ಇನ್ಶೂರೆನ್ಸ್’ ಎಂಬ ಫೋಲ್ಡರು, ಅದರ ಹೊಟ್ಟೆಯಲ್ಲಿ ವರ್ಷಕ್ಕೊಂದು ಮರಿ ಫೋಲ್ಡರು. ಪಾಲಿಸಿಯ ಸಣ್ಣಕ್ಷರಗಳನ್ನು ಓದಲೆಂದೇ ಕನ್ನಡಕ ಹಾಕಿಸಿಕೊಂಡವರ ಹಾಗೆ ಕಾಣುತ್ತಾರೆ.

ನನಗೆ ಪರಿಚಯವಿರುವ ರಾಯರು ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನಿಗೆ ಸ್ಕಾಟ್‌ಲೆಂಡ್ ತೋರಿಸಲು ಇನ್ವರ್ನೆಸ್‌ನಲ್ಲಿ ಕಾರು ಹಿಡಿದರು. ಕೌಂಟರಿನ ಹುಡುಗ ಎಂದಿನ ಪಾಠ ಒಪ್ಪಿಸಿದ: ಕಾರಿಗೇನಾದರೂ ಆದರೆ ಮೊದಲ 1,200 ಪೌಂಡು ನಿಮ್ಮದು, ಅದೇ ಎಕ್ಸೆಸ್ಸು, ದಿನಕ್ಕೆ 20 ಪೌಂಡು ಕಟ್ಟಿದರೆ ಸೊನ್ನೆ ಮಾಡಿಕೊಡುತ್ತೇವೆ. ರಾಯರು ಮುಗುಳ್ನಕ್ಕು, ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದರು. ಹೊರಗಿನ ಕಂಪನಿಯೊಂದರ ಎಕ್ಸೆಸ್ ಪಾಲಿಸಿ. ಇಡೀ ವರ್ಷಕ್ಕೆ 45 ಪೌಂಡು. ಕಾರಿಗೆ ಪೆಟ್ಟಾದರೆ ಬಾಡಿಗೆ ಕಂಪನಿಗೆ ಮೊದಲು ನಾವೇ ದುಡ್ಡು ಕೊಟ್ಟು, ರಸೀದಿ ಕಳಿಸಿ ಇವರಿಂದ ವಾಪಸ್ ಪಡೆಯಬೇಕು. ಹುಡುಗ ಪೆಚ್ಚಾಗಿ, ‘ಹಾಗಾದರೆ ಕ್ರೆಡಿಟ್ ಕಾರ್ಡಿನಲ್ಲಿ 1,200 ಹಿಡಿದಿಟ್ಟುಕೊಳ್ಳುತ್ತೇವೆ’ ಎಂದ. ಅದಕ್ಕೆಂದೇ ರಾಯರು ಬೇರೆ ಕಾರ್ಡು ತಂದಿದ್ದರು.

ಆಮೇಲೆ ವಿಡಿಯೊ. ಚಕ್ರ, ಗಾಜು, ಮಾಡು, ಕಾರಿನ ಅಡಿ, ಇವನ್ನು ಬಾಡಿಗೆ ಕಂಪನಿಯ ವಿಮೆ ಎಷ್ಟೋ ಸಲ ಹೊರಗಿಡುತ್ತದೆ. ಆದ್ದರಿಂದ ರಾಯರು ಜಿಟಿಜಿಟಿ ಮಳೆಯಲ್ಲಿ ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆಯನ್ನೂ ಚಿತ್ರೀಕರಿಸಿದರು. ಮಂಕಿ ಕ್ಯಾಪು ಹಾಕಿಕೊಂಡು ನಡುಗುತ್ತಿದ್ದ ಅಮ್ಮ, ‘ಮದುವೇಲಿ ಗಂಡಿಗೆ ಆರತಿ ಎತ್ತೋಕೂ ಇಷ್ಟು ಹೊತ್ತಾಗಲಿಲ್ಲ ಕಣೋ’ ಎಂದರು. ಅಪ್ಪ ಮಾತ್ರ ಛತ್ರಿ ಹಿಡಿದು, ‘ಸ್ಟೆಪ್ನಿನೂ ತೆಗಿ’ ಎಂದರು.

ಇದು ವಂಶಪಾರಂಪರ್ಯ. ಅಪ್ಪ ಬ್ಯಾಂಕಿನಿಂದ ನಿವೃತ್ತರಾದವರು, ಅವರ ಆಸ್ತಿ ಎಂದರೆ ಎನ್‌ಸಿಬಿ, ಅಂದರೆ ನೋ ಕ್ಲೈಮ್ ಬೋನಸ್ಸು. ನಮ್ಮಲ್ಲಿ ಕ್ಲೈಮ್ ಇಲ್ಲದೆ ಒಂದು ವರ್ಷ ಕಳೆದರೆ 20 ಪರ್ಸೆಂಟು ರಿಯಾಯಿತಿ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಅದೂ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿಗೆ ಚಿಕ್ಕಾಸೂ ಇಲ್ಲ. ಒಂದು ಕ್ಲೈಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ. ಮೈಸೂರಿನ ಸರಸ್ವತಿಪುರಂನಲ್ಲಿ ಯಾರೋ ಸ್ಕೂಟರಿನವನು ಬಾಗಿಲು ಜಜ್ಜಿ ಹೋದಾಗ ಅಪ್ಪ ಕ್ಲೈಮ್ ಮಾಡದೆ, ಟಿಂಕರಿಂಗ್‌ನವನಿಗೆ ಉಳಿತಾಯದ ಎರಡರಷ್ಟು ಕೈಯಿಂದ ತೆತ್ತರು. ಬೋನಸ್ಸು ಇರುವುದು ಗಾಡಿಗಲ್ಲ, ಮಾಲೀಕನಿಗೆ. ಹಾಗಾಗಿ ಆ ಕಾರು ಮಾರಿದಾಗಲೂ ಅದನ್ನು ಹೊಸ ಕಾರಿಗೆ ಸಾಗಿಸಿದರು. ಮಗನದೋ, ಇಂಗ್ಲೆಂಡಿನ ನೋ ಕ್ಲೈಮ್ ಒಂಬತ್ತು ವರ್ಷದ್ದು, ಅದರ ರಕ್ಷಣೆಗೆ ಮೇಲೊಂದು ಫೀಜು ಬೇರೆ ಕಟ್ಟಿದ್ದಾರೆ. ರಿಯಾಯಿತಿ ಕಾಯಲು ಕಾಸು ಕೊಟ್ಟು ಕಾವಲುಗಾರ!

ಸ್ಕೈ ದ್ವೀಪದಲ್ಲಿ ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಎದುರು ಬಂದ ಕ್ಯಾಂಪರ್ ವ್ಯಾನಿಗೆ ದಾರಿ ಬಿಡಲು ಹೋಗಿ ಎಡಬಾಗಿಲು ಕಲ್ಲಿನ ಗೋಡೆಗೆ ಉಜ್ಜಿತು. ರಾಯರು ಇಳಿದು ಮೊದಲು ಗೋಡೆಯ ಫೋಟೊ ತೆಗೆದರು, ಅದಕ್ಕೇನೂ ಆಗಿಲ್ಲ ಎಂಬುದಕ್ಕೆ ಪುರಾವೆ ಬೇಕಲ್ಲ. ಬಾಡಿಗೆ ಕಂಪನಿ ಕಾರ್ಡಿನಿಂದ 640 ಪೌಂಡು ಎಳೆದುಕೊಂಡಿತು. ರಾಯರು ಕರಾರುಪತ್ರ, ರಿಪೇರಿ ಬಿಲ್ಲು, ಕಾರ್ಡಿನ ಸ್ಟೇಟ್‌ಮೆಂಟು ಎಲ್ಲ ಕಳಿಸಿದರು, ಎಕ್ಸೆಸ್ ಪಾಲಿಸಿಯವರು ಪೂರ್ತಿ ಹಣ ವಾಪಸ್ ಕೊಟ್ಟರು. ನೀವೋ ನಾನೋ ಆಗಿದ್ದರೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನುತ್ತಿದ್ದೆವು.

ರಾಯರಿಗೆ ಮಾತ್ರ ಆ ರಾತ್ರಿಯಿಂದ ನಿದ್ದೆ ಹಾರಿಹೋಯಿತು. ಮೈಸೂರಿನಿಂದ ಅಪ್ಪನ ಫೋನು ಬೇರೆ: ‘ಏನೋ, ನಿನ್ನ ಸ್ವಂತ ಕಾರಿನ ಎನ್‌ಸಿಬಿಗೆ ಹೊಡೆತವೇನೋ?’ ವಿಮೆ ಕಂಪನಿಯನ್ನೇ ಕೇಳೋಣವೆಂದರೆ, ಬರೀ ವಿಚಾರಿಸಿದ್ದನ್ನೂ ದಾಖಲು ಮಾಡಿಕೊಂಡುಬಿಟ್ಟರೆ? ಕೊನೆಗೆ ಹೆಂಡತಿಯ ಫೋನಿನಿಂದ, ಹೆಸರು ಹೇಳದೆ, ‘ನನ್ನ ಸ್ನೇಹಿತನೊಬ್ಬನಿಗೆ ಹೀಗಾಯಿತು’ ಎಂದು ಶುರು ಮಾಡಿದರು. ಹೆಂಡತಿ ಪಕ್ಕದಿಂದ, ‘ರೀ, ಆ ಸ್ನೇಹಿತನಿಗೆ ಊಟಕ್ಕೆ ಬರೋಕೆ ಹೇಳಿ’ ಎಂದರು.

ಸ್ನೇಹಿತನಿಗೆ ಸಿಕ್ಕ ಉತ್ತರ ಸರಳವಾಗಿತ್ತು. ಎಕ್ಸೆಸ್ ಪಾಲಿಸಿ ಬೇರೆಯೇ ಒಪ್ಪಂದ, ಸ್ವಂತ ಕಾರಿನ ಪಾಲಿಸಿ ಮೇಲೆ ಕ್ಲೈಮ್ ಬಿದ್ದಿಲ್ಲ, ನೋ ಕ್ಲೈಮ್‌ನ ಕೂದಲೂ ಕೊಂಕುವುದಿಲ್ಲ. ರಾಯರು ಉಸಿರು ಬಿಡುವಷ್ಟರಲ್ಲಿ ರಿನ್ಯೂವಲ್ ಫಾರಂ ಬಂತು. ಅದು ಕೇಳಿದ್ದು ಕ್ಲೈಮ್ ಒಂದನ್ನೇ ಅಲ್ಲ. ಕಳೆದ ಐದು ವರ್ಷದಲ್ಲಿ ಯಾವುದೇ ವಾಹನದಲ್ಲಿ, ಯಾರದೇ ತಪ್ಪಿನಿಂದ, ಅಪಘಾತವೋ ನಷ್ಟವೋ ಕ್ಲೈಮೋ ಆಗಿದೆಯೇ ಎಂದು.

ಗೋಡೆಗೆ ಉಜ್ಜಿದ್ದು ಅಪಘಾತವೇ? ರಾಯರು ಕಾನೂನಿಗೇ ಕೈ ಹಾಕಿದರು. ಹಿಂದೆ ಬ್ರಿಟನ್ನಿನಲ್ಲಿ 1906ರ ಸಾಗರ ವಿಮೆ ಕಾಯ್ದೆಯ ತತ್ವದಂತೆ, ಕೇಳದಿದ್ದರೂ ಮುಖ್ಯವಾದ ಸಂಗತಿಗಳನ್ನು ನಾವಾಗಿಯೇ ಹೇಳಬೇಕಿತ್ತು. ಸಾಮಾನ್ಯ ಗ್ರಾಹಕರ ಮೇಲಿದ್ದ ಈ ಹೊರೆಯನ್ನು 2012ರ ಕಾಯ್ದೆ ಇಳಿಸಿತು. 2013ರ ಏಪ್ರಿಲ್‌ನಿಂದ, ಕೇಳಿದ್ದಕ್ಕೆ ಎಚ್ಚರದಿಂದ, ಸುಳ್ಳಿಲ್ಲದೆ ಉತ್ತರಿಸಿದರೆ ಸಾಕು. ನನ್ನ ಮಟ್ಟಿಗೆ ಇದು ಒಳ್ಳೆಯ ಕಾನೂನು. ರಾಯರ ದುರದೃಷ್ಟ, ಇಲ್ಲಿ ಕೇಳಿಬಿಟ್ಟಿದ್ದರು. ಫಾರಂನಲ್ಲಿ ತಪ್ಪು ಯಾರದು ಎಂಬಲ್ಲಿ ‘ನಿಮ್ಮದು’, ‘ನಿಮ್ಮದಲ್ಲ’ ಎರಡೇ ಆಯ್ಕೆ. ‘ಗೋಡೆಯದು’ ಎಂಬುದು ಇರಲಿಲ್ಲ. ನಿಟ್ಟುಸಿರಿಟ್ಟು ಸತ್ಯವನ್ನೇ ಒತ್ತಿದರು.

ಒಂಬತ್ತು ವರ್ಷದ ನೋ ಕ್ಲೈಮ್ ಹತ್ತಾಯಿತು. ಪ್ರೀಮಿಯಂ 18 ಪೌಂಡು ಏರಿತು. ಅದರಲ್ಲಿ ಗೋಡೆಯ ಪಾಲೆಷ್ಟು, ಎಲ್ಲರಿಗೂ ಏರಿದ ಪಾಲೆಷ್ಟು ಎಂದು ಕಂಪನಿ ಬಿಡಿಸಿ ಹೇಳಿಲ್ಲ, ರಾಯರು ಕೇಳುವುದನ್ನು ಬಿಟ್ಟಿಲ್ಲ.

ಸ್ಕಾಟ್‌ಲೆಂಡಿಗೆ ಹೊರಟವರು ರಾಯರನ್ನು ಧಾರಾಳವಾಗಿ ಜೊತೆಗೆ ಕರೆದುಕೊಂಡು ಹೋಗಿ, ಖರ್ಚು ಉಳಿಯುತ್ತದೆ. ಕಾರು ಮಾತ್ರ ನೀವೇ ಓಡಿಸಿ.