ಟ್ಯೂಬಿಂಗನ್ನಿನಲ್ಲಿ ಹಿಡಿಸೂಡಿ

ಕುಂಭಾಶಿಯ ಹುಡುಗನೊಬ್ಬ ಒಂದು ಸೆಮಿಸ್ಟರ್ ಮಟ್ಟಿಗೆ ಜರ್ಮನಿಗೆ ಹೊರಟರೆ ವೀಸಾ ಬೇಕಾಗುವುದು ಅವನೊಬ್ಬನಿಗೆ. ಸೆಮಿಸ್ಟರ್ ಮಾತ್ರ ಅಪ್ಪ, ಅಮ್ಮ, ಅಜ್ಜಿ, ಮಾವ ಎಲ್ಲರಿಗೂ ಬಂದು ವಕ್ಕರಿಸುತ್ತದೆ. ಹೀಗೆ ಟ್ಯೂಬಿಂಗನ್‌ಗೆ ಹೋದ ಕಂಪ್ಯೂಟರ್ ಸೈನ್ಸ್ ಹುಡುಗನೊಬ್ಬನ ಮನೆಯ ಕಥೆ ಇದು. ಹೆಸರು ಬೇಡ, ಆನೆಗುಡ್ಡೆಯಿಂದ ಕೊರವಡಿಯವರೆಗೆ ಹುಡುಕಿದರೆ ಇಂಥ ಮನೆ ಇದೊಂದೇ ಆಗಿರಲಾರದು.

ಮೊದಲ ಪಾಠ ಅಪ್ಪನಿಗೆ. ಜರ್ಮನಿಗೆ ಓದಲು ಹೋಗುವವರು ಖರ್ಚಿನ ಹಣವನ್ನು ಮೊದಲೇ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಟ್ಟು ತೋರಿಸಬೇಕು. ವರ್ಷಕ್ಕೆ 11,904 ಯೂರೊ ಲೆಕ್ಕ. ಹಣ ಇಟ್ಟವರೂ ಒಟ್ಟಿಗೆ ತೆಗೆಯುವಂತಿಲ್ಲ, ತಿಂಗಳಿಗೆ 992 ಮಾತ್ರ ಕೈಗೆ. ‘ನಮ್ಮದೇ ದುಡ್ಡು, ನಮಗೇ ಸಂಬಳ’ ಎಂದು ಅಪ್ಪ ಊರಿಡೀ ಹೇಳಿಕೊಂಡು ತಿರುಗಿದರು. ಬ್ಯಾಂಕಿನಿಂದ ನಿವೃತ್ತರಾದ ಮಾವನಿಗೆ ಮಾತ್ರ ಈ ವ್ಯವಸ್ಥೆ ಬಹಳ ಹಿಡಿಸಿತು. ತಮ್ಮ ಮಗನಿಗೂ ಹೀಗೇ ಮಾಡಬೇಕಿತ್ತು ಎಂದರು.

ಎರಡನೆಯದು ಚೀಲ ಕಟ್ಟುವ ವಿದ್ಯೆ. ವಿಮಾನದವರು ಬಿಡುವುದು 23 ಕಿಲೋ. ಅಮ್ಮ ಅಡುಗೆ ಕೋಣೆಯಿಂದ ತಂದು ರಾಶಿ ಹಾಕಿದ್ದು ಅದರ ಎರಡು ಪಾಲು. ಮಾವ ಕನ್ನಡಕ ಏರಿಸಿ ಯುರೋಪಿಯನ್ ಒಕ್ಕೂಟದ ನಿಯಮ ಓದಿದರು. ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಹೊರಗೆ. ಪ್ರಮಾಣಪತ್ರವಿಲ್ಲದೆ ಕರಿಬೇವಿನ ಎಲೆಯೂ ಇಲ್ಲ. ಆದರೆ ಮೀನು? ತಲೆಗೆ 20 ಕಿಲೋದವರೆಗೆ ಅಡ್ಡಿಯಿಲ್ಲ! ಪ್ರಮಾಣಪತ್ರ ಬೇಡವೆಂದಿರುವ ಐದು ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆ, ಅನಾನಸು ಮೂರೂ ಇವೆ. ಈ ಪಟ್ಟಿ ಮಾಡಿದವರು ಒಂದು ಮಳೆಗಾಲವನ್ನಾದರೂ ಕುಂದಾಪುರದ ಕಡೆ ಕಳೆದಿರಬೇಕು ಎಂಬುದು ಮಾವನ ತೀರ್ಮಾನ. ಒಣಕೊಬ್ಬರಿಗೆ ಮಾತ್ರ ನಮ್ಮ ವಿಮಾನ ನಿಲ್ದಾಣದವರದ್ದೇ ತಕರಾರು. ಅದರ ಎಣ್ಣೆಗೆ ಬೆಂಕಿ ಹಿಡಿಯುವ ಭಯ.

ಕೊನೆಗೆ ಒಣ ಸಿಗಡಿ, ಮಾವಿನ ಮಿಡಿ, ಕುಚಲಕ್ಕಿ ಒಳಗೆ ಹೋದವು. ತೂಕ ಹೆಚ್ಚಾಯಿತೆಂದು ಹುಡುಗ ಸ್ಟೀಲ್ ಲೋಟ ಮತ್ತು ಚಮಚ ಹೊರಗೆ ತೆಗೆದಿಟ್ಟ. ಟ್ಯೂಬಿಂಗನ್ನಿನಲ್ಲಿ 2022ರಿಂದ ಬಳಸಿ ಎಸೆಯುವ ಲೋಟಕ್ಕೆ 50 ಸೆಂಟ್, ಚಮಚಕ್ಕೆ 20 ಸೆಂಟ್ ತೆರಿಗೆ ಇದೆ. ಈ ತೆರಿಗೆ ಸರಿಯೆಂದು 2025ರ ಜನವರಿಯಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯವೇ ಹೇಳಿತು. ಅಮ್ಮನಿಗೆ ನ್ಯಾಯಾಲಯದ ಗೊಡವೆ ಬೇಕಿರಲಿಲ್ಲ. ‘ಲೋಟ ಹಿಡ್ಕೋ ಅಂತ ನಾ ಹೇಳಿರ್ಲಿಲ್ಯಾ?’ ಎಂಬ ಪ್ರಶ್ನೆ ಸೆಮಿಸ್ಟರ್ ಮುಗಿಯುವ ತನಕ ಚಾಲ್ತಿಯಲ್ಲಿತ್ತು.

ಆದರೆ ಮನೆಯವರ ಮನಸ್ಸಿನಲ್ಲಿ ಅಚ್ಚಾಗಿ ಉಳಿದದ್ದು ‘ಕೇರ್‌ವೋಹೆ’. ಟ್ಯೂಬಿಂಗನ್, ಸ್ಟುಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯ ಕ್ರಮ ಇದು: ಒಂದು ಕಟ್ಟಡದಲ್ಲಿ ಇರುವವರು ವಾರಕ್ಕೊಬ್ಬರಂತೆ ಮೆಟ್ಟಿಲು, ಬಾಗಿಲ ಮುಂದಿನ ಕಾಲುದಾರಿ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ತಂದು ನೇತುಹಾಕುತ್ತಾರೆ. ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದ ದೊರೆ ಎಬರ್‌ಹಾರ್ಡ್. ಈ ಕ್ರಮದ ಮೂಲವೆಂದು ಹೇಳುವ, ಊರು ಚೊಕ್ಕಟವಾಗಿಡಬೇಕೆಂಬ 1492ರ ಸ್ಟುಟ್‌ಗಾರ್ಟ್ ಕಟ್ಟಳೆಯೂ ಅವನ ಕಾಲದ್ದೇ. ಅಂದರೆ ಹುಡುಗನ ಕೈಗೆ ಪುಸ್ತಕ ಕೊಟ್ಟವನೂ ಹಿಡಿಸೂಡಿ ಕೊಟ್ಟವನೂ ಒಬ್ಬನೇ ಪುಣ್ಯಾತ್ಮ.

ಒಂದು ಶನಿವಾರ ವೀಡಿಯೊ ಕರೆ. ಫೋನನ್ನು ಮೆಟ್ಟಿಲ ಮೇಲೆ ಒರಗಿಸಿಟ್ಟು ಹುಡುಗ ಬಗ್ಗಿ ಗುಡಿಸುತ್ತಿದ್ದ. ಉದ್ದ ಕೋಲಿನ ಪೊರಕೆ, ಕೈಗೆ ಗ್ಲೌಸ್, ಮೂಲೆಯಲ್ಲಿ ಒದ್ದೆ ಎಲೆಗಳ ರಾಶಿ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ‘ಹ್ವಾಯ್, ಇಲ್ಲ್ ಬನ್ನಿ! ಮನೆಯಲ್ಲ್ ಒಂದ್ ದಿನ ಹಿಡ್ಸೂಡಿ ಮುಟ್ದವ ಅಲ್ಲ, ಕಾಣಿ!’ ಅಪ್ಪ ಬಂದರು, ಮಾವ ಬಂದರು, ಪಕ್ಕದ ಮನೆಯವರೂ ಬಂದರು. ಅಜ್ಜಿ ಮಾತ್ರ ಕಸುಬಿನ ಕಣ್ಣಿನಿಂದ ನೋಡಿ, ‘ಮೇಲಿನ ಮೆಟ್ಲ್ ಬಿಟ್ಟೆ ಮಗಾ’ ಎಂದರು. ಅವನು ಕೆಳಗಿನಿಂದ ಮೇಲಕ್ಕೆ ಗುಡಿಸುತ್ತಿದ್ದ.

‘ಅಲ್ಲಿ ಕನ್ನಡದವ್ರ್ ಇದ್ರಾ?’ ಎಂದು ಕೇಳಿದವರಿಗೆಲ್ಲ ಮಾವನ ಉತ್ತರ ಸಿದ್ಧವಿತ್ತು: ‘ಕಿಟೆಲ್ ಇದ್ರಲ್ಲ!’ ತಪ್ಪೇನಿಲ್ಲ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಫರ್ಡಿನೆಂಡ್ ಕಿಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ. 1843ರಲ್ಲಿ ‘ಮಂಗಳೂರು ಸಮಾಚಾರ’ ತಂದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಇಲ್ಲಿಯೇ. ಅವರು ನಮ್ಮ ಕರಾವಳಿಗೆ ಬಂದಾಗ ವಾಟ್ಸಾಪ್ ಇರಲಿಲ್ಲ, ಬದುಕಿಕೊಂಡರು.

ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದವು. ಅದುವರೆಗೆ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆಯಾಯಿತು. ಮೊಮ್ಮಗ ನಮ್ಮ ನಾಲ್ಕು ಗಂಟೆಗೆ ಮಧ್ಯಾಹ್ನದ ಊಟ ಮಾಡುವುದನ್ನೇ ಕಷ್ಟಪಟ್ಟು ಒಪ್ಪಿಕೊಂಡಿದ್ದ ಅಜ್ಜಿ, ಅದು ಐದಾದಾಗ ಸರ್ಕಾರದ ಮೇಲೆ ಸಿಟ್ಟಾದರು. ಯಾವ ಸರ್ಕಾರ ಎಂದು ಯಾರೂ ಕೇಳಲಿಲ್ಲ. ಅಪ್ಪನಿಗೆ ಬೇರೆಯೇ ನಿರಾಸೆ. ಜರ್ಮನರ ಸಮಯಪಾಲನೆಯ ಬಗ್ಗೆ ಮಗನಿಗೆ ಬಾಲ್ಯದಿಂದ ಉಪದೇಶ ಮಾಡಿದವರು ಅವರು. ಅಲ್ಲಿ ನೋಡಿದರೆ ಹತ್ತು ಗಂಟೆಯ ಕ್ಲಾಸು ಶುರುವಾಗುವುದು ಹತ್ತೂಕಾಲಿಗೆ, ಅದೂ ಶತಮಾನಗಳ ಸಂಪ್ರದಾಯ! 2024ರಲ್ಲಿ ದೂರದೂರಿನ ರೈಲುಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ತಡವಾಗಿ ಬಂದವಂತೆ. ಕುಂದಾಪುರ ಸ್ಟೇಷನ್ನಿನಲ್ಲಿ ಕಾದು ಕಾದು ಪಳಗಿದ ಮಾವನಿಗೆ ಇದರಿಂದ ಆದ ಸಂತೋಷ ಸಣ್ಣದಲ್ಲ.

ಮಾರ್ಚಿನಲ್ಲಿ ಫಲಿತಾಂಶ ಬಂತು. ಹುಡುಗ ಕಳಿಸಿದ ಚಿತ್ರದಲ್ಲಿ ಇದ್ದದ್ದು ಒಂದೇ ಅಂಕಿ: 1.3.

ಮನೆಯಲ್ಲಿ ಅಂದು ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಷ್ಟು ದುಡ್ಡು ಹಾಕಿ ಹತ್ತಕ್ಕೆ ಒಂದು ಚಿಲ್ಲರೆ! ಅಮ್ಮ ಆನೆಗುಡ್ಡೆಗೆ ಹೋಗಿ ಗಣಪತಿಗೆ ಹರಕೆ ಹೇಳಿಯೂ ಬಂದರು. ಸಂಜೆ ಹುಡುಗ ಎದ್ದು ಮಾತಿಗೆ ಸಿಕ್ಕಿದ ಮೇಲೆ ಗೊತ್ತಾಯಿತು, ಅಲ್ಲಿ 1 ಎಂದರೆ ಎಲ್ಲಕ್ಕಿಂತ ಮೇಲೆ, 4 ಎಂದರೆ ಕಷ್ಟಪಟ್ಟು ಪಾಸು. ಮಾವ ‘ಬವೇರಿಯನ್ ಸೂತ್ರ’ವನ್ನು ಹುಡುಕಿ ತೆಗೆದು, ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು: ಹತ್ತು ಗರಿಷ್ಠ, ನಾಲ್ಕಕ್ಕೆ ಪಾಸು ಎಂದಿಟ್ಟರೆ 1.3 ಅಂದರೆ ನಮ್ಮ 9.4. ಹರಕೆ ಹೇಳಿಯಾಗಿತ್ತು, ತೀರಿಸಲೇಬೇಕಾಯಿತು.

ಸೂತ್ರ ಕೈಗೆ ಬಂದ ಮೇಲೆ ಮಾವ ಸುಮ್ಮನೆ ಕೂರಲಿಲ್ಲ. ಪಕ್ಕದ ಮನೆಯ ಹುಡುಗನ 6.1ನ್ನು ಜರ್ಮನಿಗೆ ದಾಟಿಸಿ 2.95 ಎಂದು ಬರೆದುಕೊಟ್ಟಿದ್ದಾರೆ. ಅವನ ತಾಯಿ ಈಗ ಮಾತು ಬಿಟ್ಟಿದ್ದಾರೆ.